ನಿಂತ ಸೈಕಲ್ಲು, ಓಡುವ ನಾಡಿ

ನಾಡಿ ನೋಡುವ ವಿದ್ಯೆ ನಮ್ಮಲ್ಲಿ ಹೊಸದಲ್ಲ. ಶಾರ್ಙ್ಗಧರ ಸಂಹಿತೆಯು ನಾಡಿಯ ನಡೆಯನ್ನು ಪ್ರಾಣಿಪಕ್ಷಿಗಳ ನಡೆಗೆ ಹೋಲಿಸುತ್ತದೆ: ವಾತದ ನಾಡಿ ಹಾವಿನಂತೆ ಹರಿಯುವುದು, ಪಿತ್ತದ್ದು ಕಪ್ಪೆಯಂತೆ ನೆಗೆಯುವುದು, ಕಫದ್ದು ಹಂಸದಂತೆ ಮೆಲ್ಲನೆ ಸಾಗುವುದು. ಹಿಂದಿನ ಪಂಡಿತರಿಗೆ ಗುಣ ಮುಖ್ಯ, ಎಣಿಕೆ ಅಷ್ಟಕ್ಕಷ್ಟೆ. ಎಣಿಕೆಯ ಗೀಳು ಗಡಿಯಾರದ ಬೆನ್ನು ಹತ್ತಿ ಬಂದದ್ದು. 1707ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ನಾಡಿಯನ್ನು ಎಣಿಸಲೆಂದೇ ಒಂದು ನಿಮಿಷ ಓಡುವ ಗಡಿಯಾರವನ್ನು ಬಳಕೆಗೆ ತಂದ. ಈಗಲಾದರೋ ಎದೆಗೆ ಒಂದು ಪಟ್ಟಿ, ಮುಂಗೈಗೆ ಒಂದು ವಾಚು ಕಟ್ಟಿಕೊಂಡರೆ ಸಾಕು, ಹೃದಯದ ಪ್ರತಿಯೊಂದು ಬಡಿತವೂ ಅಂಕಿಯಾಗಿ ಕಣ್ಣೆದುರು ನಿಲ್ಲುತ್ತದೆ.

ಈ ಅಂಕಿಗೂ ನನಗೂ ನಂಟು ಬೆಳೆದದ್ದು ಚನ್ನಗಿರಿಯ ಮಳೆಗಾಲದಲ್ಲಿ. ನಮ್ಮ ಊರು ಮಲೆನಾಡಿನ ಅಂಚಿನದು. ಮಳೆ ಹಿಡಿಯಿತೆಂದರೆ ಸೂಳೆಕೆರೆಯ ಏರಿಯ ಕಡೆಗೆ ಸೈಕಲ್ಲು ತಿರುಗಿಸುವುದು ಅರವತ್ತಾರರ ನನ್ನಂಥವನಿಗೆ ಸಾಹಸವೇ. ಮಳೆ ನಿಂತ ಮೇಲಾದರೂ ನೆಮ್ಮದಿಯೆ? ಸುಗ್ಗಿ ಬಂದರೆ ರಸ್ತೆಯೇ ಕಣ. ಹಾಸಿದ ಹುಲ್ಲಿನ ಮೇಲೆ ಚಕ್ರ ಜಾರಿದವರ ಸಂಖ್ಯೆ ಕಡಮೆಯೇನಲ್ಲ. ಆದರೆ ಇನ್ನೂರು ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದ ಬ್ರೆವೆ ಎಂಬ ಸವಾರಿಯನ್ನು ಇನ್ನೊಮ್ಮೆ ಮಾಡುವ ಆಸೆ ನನ್ನನ್ನು ಬಿಟ್ಟಿರಲಿಲ್ಲ. ಆದ್ದರಿಂದ ಹಿಂದಿನ ಚಕ್ರವನ್ನು ಹಿಡಿದು ನಿಲ್ಲಿಸುವ ಒಂದು ಕಬ್ಬಿಣದ ಚೌಕಟ್ಟನ್ನು ತರಿಸಿ ನಡುಮನೆಯಲ್ಲಿಯೇ ತುಳಿಯತೊಡಗಿದೆ. "ಎಲ್ಲಿಗೂ ಹೋಗದ ಸವಾರಿಗೆ ಇಷ್ಟು ಬೆವರೇನ್ರೀ?" ಎಂದು ಮನೆಯಾಕೆ ಕೇಳಿದಳು. ನ್ಯಾಯವಾದ ಪ್ರಶ್ನೆ.

ಆ ಬೆವರಿನಲ್ಲಿಯೇ ಮೊದಲ ಪಾಠವಿದೆ. ರಸ್ತೆಯ ಮೇಲೆ ಎದುರುಗಾಳಿ ಬೆವರನ್ನು ಆರಿಸುತ್ತದೆ. ಇಳಿಜಾರಿನಲ್ಲಿ ಕಾಲಿಗೆ ಬಿಡುವು ಸಿಗುತ್ತದೆ. ಮನೆಯೊಳಗೆ ಎರಡೂ ಇಲ್ಲ. ಮೈ ಕಾಯುತ್ತದೆ, ಅದನ್ನು ತಣಿಸಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಬೆವರಿನಿಂದ ರಕ್ತದ ನೀರಿನಂಶ ಕುಗ್ಗುತ್ತದೆ. ಹೃದಯ ಒಂದೊಂದು ಬಡಿತಕ್ಕೆ ಹೊರದೂಡುವ ರಕ್ತ ಕಡಮೆಯಾಗಿ, ಆ ಕೊರತೆಯನ್ನು ಬಡಿತದ ಸಂಖ್ಯೆಯಿಂದ ತುಂಬಿಕೊಳ್ಳುತ್ತದೆ. ತುಳಿತ ಒಂದೇ ಸಮನಾಗಿದ್ದರೂ ಮುಕ್ಕಾಲು ಗಂಟೆಯಲ್ಲಿ ನಾಡಿ ಹತ್ತು ಹದಿನೈದು ಬಡಿತ ಏರಿಬಿಡಬಹುದು. ಶಕ್ತಿ ಕುಂದಿತೆಂದು ಹೆದರಬೇಕಾಗಿಲ್ಲ. ಎದುರಿಗೊಂದು ಫ್ಯಾನು, ಪಕ್ಕದಲ್ಲೊಂದು ತಂಬಿಗೆ ನೀರು ಇಟ್ಟುಕೊಂಡರೆ ಆ ಏರಿಕೆಯ ಬಹುಭಾಗ ಇಳಿಯುತ್ತದೆ.

ಎರಡನೆಯದು ಸೂತ್ರದ ಸಂಗತಿ. 220ರಲ್ಲಿ ವಯಸ್ಸನ್ನು ಕಳೆದರೆ ಹೃದಯದ ಗರಿಷ್ಠ ಬಡಿತ ಸಿಗುತ್ತದೆಂದು ವ್ಯಾಯಾಮಶಾಲೆಗಳ ಗೋಡೆಗಳೆಲ್ಲ ಸಾರುತ್ತವೆ. 1971ರ ಸುಮಾರಿಗೆ ಬಳಕೆಗೆ ಬಂದ ಈ ಲೆಕ್ಕ ಅದಕ್ಕೆಂದೇ ಪ್ರಯೋಗ ಮಾಡಿ ಕಂಡುಕೊಂಡದ್ದಲ್ಲ. ಬೇರೆ ಬೇರೆ ಅಧ್ಯಯನಗಳ ಅಂಕಿಗಳ ನಡುವೆ ಎಳೆದ ಒಂದು ಗೆರೆ. 2001ರಲ್ಲಿ ತನಾಕಾ ಮತ್ತು ಸಂಗಡಿಗರು ಅದನ್ನು ತಿದ್ದಿ, ವಯಸ್ಸಿನ ಹತ್ತರಲ್ಲಿ ಏಳು ಪಾಲನ್ನು 208ರಿಂದ ಕಳೆಯಿರೆಂದರು. ಹಳೆಯ ಲೆಕ್ಕದಂತೆ ನನ್ನದು 154, ಹೊಸದರಂತೆ 162. ಹೊಸದೂ ಸರಾಸರಿಯೇ, ಒಬ್ಬೊಬ್ಬರಲ್ಲಿ ಹತ್ತು ಬಡಿತದ ಅಂತರ ತೀರ ಸಾಮಾನ್ಯ. ಆದ್ದರಿಂದ ಕಾರ್ವೊನೆನ್ ಎಂಬ ಫಿನ್ಲೆಂಡಿನ ವಿದ್ವಾಂಸ 1957ರಲ್ಲಿ ತೋರಿದ ದಾರಿ ನನಗೆ ಹೆಚ್ಚು ಹಿಡಿಸಿತು. ಗರಿಷ್ಠದಿಂದ ವಿಶ್ರಾಂತಿಯ ನಾಡಿಯನ್ನು ಕಳೆದು, ಉಳಿದ ಬಂಡವಾಳದಲ್ಲಿ ಎಷ್ಟು ಪಾಲು ಖರ್ಚು ಮಾಡಬೇಕೆಂದು ನಿರ್ಧರಿಸುವುದು. ಬೆಳಗ್ಗೆ ಹಾಸಿಗೆಯಲ್ಲಿ ನನ್ನ ನಾಡಿ 56, ಬಂಡವಾಳ 106. ಅದರ ನೂರಕ್ಕೆ ಅರವತ್ತು ಎಂದರೆ ಸುಮಾರು 64. 56ಕ್ಕೆ ಕೂಡಿಸಿದರೆ 120. ಮಾತಾಡುತ್ತ ತುಳಿಯಬಹುದಾದ ಹದ ಅದು.

ಇಷ್ಟೆಲ್ಲ ಲೆಕ್ಕ ನನ್ನ ಗೆಳೆಯರೊಬ್ಬರ ವಿಷಯದಲ್ಲಿ ಕೈಕೊಟ್ಟಿತು. ನಿವೃತ್ತ ಉಪಾಧ್ಯಾಯರು, ನನಗಿಂತ ಎರಡು ವರ್ಷ ದೊಡ್ಡವರು. ಎಷ್ಟು ತುಳಿದರೂ ಅವರ ನಾಡಿ 105 ದಾಟುತ್ತಿರಲಿಲ್ಲ. "ಈ ಯಂತ್ರಕ್ಕೆ ನನ್ನ ಮೇಲೆ ನಂಬಿಕೆಯಿಲ್ಲ ಕಣ್ರೀ" ಎಂದು ಏದುಸಿರು ಬಿಡುತ್ತ ಇನ್ನೂ ಜೋರಾಗಿ ತುಳಿಯುತ್ತಿದ್ದರು. "ಮೇಷ್ಟ್ರೇ, ಮಾತ್ರೆ ಏನು ತಗೊಳ್ತೀರಿ?" ಎಂದೆ. ರಕ್ತದೊತ್ತಡಕ್ಕೆ ಅಟೆನೊಲಾಲ್! ಅದು ಹೃದಯಕ್ಕೆ ಕಡಿವಾಣ ಹಾಕುವ ಜಾತಿಯ ಮದ್ದು. ಅದನ್ನು ನುಂಗುವವರಿಗೆ ಯಾವ ಸೂತ್ರವೂ ಹೊಂದದು. ಸೂತ್ರದ ಅಂಕಿಯನ್ನು ಮುಟ್ಟಲು ಹೊರಟರೆ ಅಪಾಯ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಇಂಥವರಿಗೂ ಒದಗುವಂತೆ 6ರಿಂದ 20ರವರೆಗಿನ ಒಂದು ಅಳತೆಗೋಲನ್ನು ಕೊಟ್ಟಿದ್ದಾನೆ. ಶ್ರಮ ಎಷ್ಟೆನಿಸುತ್ತದೆಂದು ಸವಾರನೇ ಹೇಳಬೇಕು: 11 ಹಗುರ, 13 ಸ್ವಲ್ಪ ಕಷ್ಟ, 15 ಕಷ್ಟ. ಮೇಷ್ಟ್ರು ಅಂದಿನಿಂದ ವಾಚನ್ನು ತಿರುಗಿಸಿಟ್ಟು ತಮಗೆ ತಾವೇ ಅಂಕ ಕೊಟ್ಟುಕೊಳ್ಳುತ್ತಾರೆ. ಶಾಲೆಯಲ್ಲಿ ಅಂಕ ಕೊಡುವುದರಲ್ಲಿ ಬಹಳ ಬಿಗಿ ಎಂದು ಹೆಸರಾಗಿದ್ದವರು; ಇಲ್ಲಿಯೂ ಹಾಗೆಯೇ.

ವಯಸ್ಸಾಯಿತು, ಸುಮ್ಮನೆ ಕುಳಿತುಕೊಳ್ಳಿ ಎನ್ನುವವರಿಗೆ ನಾನು ಫ್ರಾನ್ಸಿನ ರೋಬೇರ್ ಮಾರ್ಷಾನನ ಕಥೆ ಹೇಳುತ್ತೇನೆ. 1911ರಲ್ಲಿ ಹುಟ್ಟಿದ ಈತ 2012ರಲ್ಲಿ ಚಾವಣಿಯ ಕೆಳಗಿನ ಪಥದಲ್ಲಿ ಒಂದು ಗಂಟೆಗೆ 24 ಕಿಲೋಮೀಟರಿಗೂ ಮಿಗಿಲಾಗಿ ತುಳಿದ. ಎರಡು ವರ್ಷದ ಮೇಲೆ ಸುಮಾರು 27. ನೂರು ದಾಟಿದವನ ವೇಗ ಹೆಚ್ಚಿತು! ನಡುವಿನ ಕಾಲದಲ್ಲಿ ಶರೀರಶಾಸ್ತ್ರಜ್ಞರು ಅವನ ಅಭ್ಯಾಸವನ್ನು ತಿದ್ದಿದ್ದರು: ನೂರರಲ್ಲಿ ಎಂಬತ್ತು ಪಾಲು ಹಗುರವಾಗಿ, ಇಪ್ಪತ್ತು ಪಾಲು ಕಷ್ಟಪಟ್ಟು, ಅಳತೆ ಬೋರ್ಗನದೇ. ಹೃದಯದ ಗರಿಷ್ಠ ಬಡಿತ ಹೆಚ್ಚುಕಡಮೆ ಇದ್ದಲ್ಲೇ ಇತ್ತು, ದೇಹ ಬಳಸುವ ಆಮ್ಲಜನಕ ಮಾತ್ರ ಏರಿತು. ಹಳೆಯ ಸೂತ್ರದಂತೆ ಆತನ ಗರಿಷ್ಠ 119 ಇರಬೇಕಿತ್ತು. ವಾಸ್ತವವಾಗಿ 130ನ್ನೂ ದಾಟಿತ್ತು. 2021ರಲ್ಲಿ 109ರ ವಯಸ್ಸಿನಲ್ಲಿ ತೀರಿಕೊಂಡ.

ಹಾಗೆಂದು ಅತಿಗೆ ಹೋಗಬಾರದು. ಸ್ವೀಡನ್ನಿನ ವಾಸಾಲೊಪ್ಪೆಟ್ ಎಂಬ ದೀರ್ಘ ಹಿಮಜಾರು ಸ್ಪರ್ಧೆಯ 52 ಸಾವಿರಕ್ಕೂ ಹೆಚ್ಚು ಜನರನ್ನು ಕುರಿತ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಹೆಚ್ಚು ಬಾರಿ ಸ್ಪರ್ಧಿಸಿದವರಲ್ಲಿ, ಹೆಚ್ಚು ವೇಗದವರಲ್ಲಿ, ಹೃದಯದ ತಾಳ ತಪ್ಪುವ ಕಾಯಿಲೆ ಅಧಿಕವಾಗಿ ಕಂಡಿತು. ಕಳೆದ ವರ್ಷ ನನ್ನ ವಾಚು ಒಂದು ಬೆಳಗ್ಗೆ 118ರಿಂದ ಒಮ್ಮೆಲೆ 170ಕ್ಕೆ ನೆಗೆದಾಗ ಆ ವಿಷಯ ನೆನಪಿಗೆ ಬಂದಿತು. ಎದೆಯ ಪಟ್ಟಿ ಒಣಗಿದರೂ ಅಂಕಿ ಹೀಗೆ ಕುಣಿಯುವುದುಂಟು. ಇಳಿದು ಕೊರಳ ನಾಡಿಯನ್ನು ಬೆರಳಿನಿಂದ ಹಿಡಿದೆ: ನಿಜವಾಗಿಯೂ ಓಡುತ್ತಿತ್ತು, ತಾಳವಿಲ್ಲದೆ. ಹತ್ತು ನಿಮಿಷದಲ್ಲಿ ಶಾಂತವಾಯಿತು. ಮರುದಿನವೇ ದಾವಣಗೆರೆಗೆ ಹೋಗಿ ಇಸಿಜಿ ತೆಗೆಸಿದೆ. ಒಂದು ಹಗಲು ಒಂದು ರಾತ್ರಿ ಮೈಗೆ ಯಂತ್ರ ಕಟ್ಟಿಕೊಂಡು ಕಳೆದೆ. ತುಳಿಯಬಹುದು, ಆದರೆ 130ರ ಮೇಲೆ ಸದ್ಯಕ್ಕೆ ಬೇಡ, ಎದೆನೋವೋ ತಲೆಸುತ್ತೋ ಬಂದರೆ ಆ ಕ್ಷಣ ನಿಲ್ಲಿಸಬೇಕು ಎಂದು ವೈದ್ಯರು ಹೇಳಿದರು.

ಈಗ ಮೇಷ್ಟ್ರೂ ನಾನೂ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಅವರದರಲ್ಲಿ ಬೋರ್ಗನ ಅಂಕ, ನನ್ನದರಲ್ಲಿ ಬೆಳಗಿನ ನಾಡಿ. ಮಾಮೂಲಿಗಿಂತ ಏಳೆಂಟು ಹೆಚ್ಚಿದ್ದರೆ ಆ ದಿನ ಸೈಕಲ್ಲಿಗೆ ರಜಾ. ಇನ್ನೊಂದು ಅಂಕಣದಲ್ಲಿ, ನಿಲ್ಲಿಸಿದ ಮೊದಲ ನಿಮಿಷದಲ್ಲಿ ನಾಡಿ ಎಷ್ಟು ಇಳಿಯಿತೆಂಬುದನ್ನು ಬರೆಯುತ್ತೇನೆ. ಈ ಇಳಿತ ಹನ್ನೆರಡಕ್ಕಿಂತ ಹೆಚ್ಚಿಲ್ಲದವರ ಹೃದಯವನ್ನು ಗಮನಿಸಬೇಕೆಂದು 1999ರ ಒಂದು ಅಮೆರಿಕನ್ ಅಧ್ಯಯನ ಎಚ್ಚರಿಸಿದೆ. ನನ್ನದು ಮೊನ್ನೆ ಇಪ್ಪತ್ತೆರಡು. ಬ್ರೆವೆಯ ಮಾತನ್ನು ವೈದ್ಯರೊಡನೆ ಇನ್ನೂ ಎತ್ತಿಲ್ಲ. ಮುಂದಿನ ತಿಂಗಳು ಹೋದಾಗ ಎತ್ತುವವನಿದ್ದೇನೆ, ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು.