ಅಕ್ಕಿಕಾಳಿಗೆ ಮುನ್ನ

(ಹೊಳೆಆಲೂರಿನ ಪ್ರವಚನ)



ಲಗ್ನವೆಂಬುದು ಮಂಗಳಕಾರ್ಯ. ಅಕ್ಕಿಕಾಳು ಹಾಕುವ ಕೈಗಳೆಲ್ಲ ಆಶೀರ್ವಾದದ ಕೈಗಳೇ. ಆದರೆ ಆ ಕಾಳು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ನೋಡಿ ಹಾಕಬೇಡವೇ?

ಮಲಪ್ರಭೆಯ ದಂಡೆಯ ಒಕ್ಕಲುಮಕ್ಕಳು ನೀವು. ಜೋಳದ ಹಾಲುದೆನೆ ಕೊಯ್ದು ಕಣದಲ್ಲಿ ರಾಶಿ ಮಾಡುವವರುಂಟೇ? ಕಾಳು ಬಲಿಯಲೆಂದು ಕಾಯುತ್ತೀರಿ. ಹೊಲದ ಬೆಳೆಗೆ ತೋರುವ ಆ ತಾಳ್ಮೆ ಹೆತ್ತ ಮಗಳಿಗೆ ಬೇಡವೇ?

ಗಂಡು ಸಂತಾನವಾಗಲಿಲ್ಲವೆಂದು ಎರಡನೆಯ ಲಗ್ನಕ್ಕೆ ಹೊರಡುವವರುಂಟು. ಅಂಥವರಿಗೆ ಉಳ್ಳವರು ಹೆಣ್ಣು ಕೊಡುತ್ತಾರೆಯೇ? ಸಾಲಕ್ಕೆ ಸಿಕ್ಕ ಬಡವನ ಮನೆಯ ಕೂಸನ್ನು, ಹೆಗಲಿನಿಂದ ಪಾಟಿಚೀಲವನ್ನೇ ಇಳಿಸದವಳನ್ನು ಹುಡುಕುತ್ತಾರೆ. ಹಿರಿಯವಳ ಕಣ್ಣೀರು, ಕಿರಿಯವಳ ಬಾಲ್ಯ, ಎರಡೂ ಒಂದೇ ಹಂದರದ ಕೆಳಗೆ ಮಣ್ಣುಪಾಲು!

ಕಾಯಿದೆ ಏನು ಹೇಳುತ್ತದೆ ಕೇಳಿರಿ. ರೋಣ ತಾಲೂಕು ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1946ರಲ್ಲಿ, ಆ ಪ್ರಾಂತದ ಸರಕಾರ ಹಿಂದೂಗಳ ದ್ವಿಪತ್ನಿತ್ವವನ್ನು ನಿಷೇಧಿಸಿತು. 1955ರ ಹಿಂದೂ ವಿವಾಹ ಕಾಯಿದೆಯಂತೂ ವೀರಶೈವ, ಲಿಂಗಾಯತ ಎಂದು ಹೆಸರಿಟ್ಟೇ ಹೇಳಿದೆ. ಆದ್ದರಿಂದ ‘ಇದು ನಮಗಲ್ಲ’ ಎನ್ನುವ ಹಾಗಿಲ್ಲ. ಹಿರಿಯ ಹೆಂಡತಿ ಒಪ್ಪಿ ಹೆಬ್ಬೆಟ್ಟು ಒತ್ತಿದರೂ ಎರಡನೆಯದು ಲಗ್ನವಲ್ಲ. ಅದರಲ್ಲಿ ಹುಟ್ಟಿದ ಮಕ್ಕಳಿಗೆ ತಂದೆಯ ಪಾಲಿನಲ್ಲಿ ಹಕ್ಕುಂಟೆಂದು 2023ರಲ್ಲಿ ಸುಪ್ರೀಮ್ ಕೋರ್ಟು ಹೇಳಿತು. ತಾಯಿಗೋ, ಹೆಂಡತಿಯೆಂಬ ವಾರಸಾ ಹಕ್ಕಿಲ್ಲ.

ಹೆಣ್ಣಿನ ವಯಸ್ಸು 1929ರ ಶಾರದಾ ಕಾಯಿದೆಯಲ್ಲಿ 14 ಇತ್ತು. 1949ರಲ್ಲಿ 15, 1978ರಲ್ಲಿ 18 ಆಯಿತು. ಗಂಡಿಗೆ 21. ಆ ಕಾಯಿದೆಯ ಸ್ಥಾನದಲ್ಲಿ 2006ರ ಕಾಯಿದೆ ಬಂದಿತು. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧುವೆಂದು ಕರ್ನಾಟಕ ಅದಕ್ಕೆ ತಿದ್ದುಪಡಿ ತಂದಿತು. ಲಗ್ನ ಮಾಡಿಸಿದ ಅಯ್ಯನವರಿಗೂ, ಹಿರಿಯರಿಗೂ ಶಿಕ್ಷೆಯುಂಟು. ತಿಳಿದೂ ಹೋಗಿ ಅಕ್ಕಿಕಾಳು ಹಾಕಿದವರನ್ನೂ ಕಾಯಿದೆ ಬಿಡುವುದಿಲ್ಲ.

‘ಕಾಲ ಕೆಟ್ಟಿದೆ ಬುದ್ಧೀ, ಹರೆಯದ ಮಗಳನ್ನು ಹೇಗೆ ಕಾಯಲಿ?’ ಎನ್ನುತ್ತೀರಿ. ನಿಮ್ಮ ಅಂಜಿಕೆ ಸುಳ್ಳಲ್ಲ. ಆದರೆ ಅಂಜಿಕೆ ದೊಡ್ಡವರದು. ಅದರ ಹೊರೆಯನ್ನು ಕೂಸಿನ ಕೊರಳಿಗೆ ತಾಳಿಯಾಗಿ ಕಟ್ಟಬೇಡಿರಿ. ಸಾಲೆಯನ್ನು ಬಿಡಿಸಬೇಡಿರಿ. ಬಡವನಿಗೆ ಊರು ಆಸರೆಯಾಗಲಿ.

ಶರಣರು ಹೆಣ್ಣಿಗೂ ಇಷ್ಟಲಿಂಗವನ್ನಿತ್ತರು. ಲಿಂಗ ಧರಿಸಿದ ಆ ದೇಹ ಸಾಲ ತೀರಿಸುವ ಒಡವೆಯಲ್ಲ.

ಸಾಮೂಹಿಕ ಲಗ್ನವಿರಲಿ, ಮನೆಯ ಲಗ್ನವಿರಲಿ, ಮೊದಲು ಸಾಲೆಯ ದಾಖಲೆ ನೋಡಿರಿ. ವರನಿಗೆ ಬದುಕಿರುವ ಹೆಂಡತಿ ಉಂಟೇ ಎಂದು ವಿಚಾರಿಸಿರಿ. ಕೂಸಿನ ಲಗ್ನವೆಂದು ಗೊತ್ತಾದರೆ 1098ಕ್ಕೆ ಫೋನು ಮಾಡಿರಿ. ಬೀಗರು ಸಿಟ್ಟಾದರೆ ನಾಲ್ಕು ದಿನದಲ್ಲಿ ಇಳಿದೀತು; ಕೂಸಿನ ಕಳೆದ ಬಾಲ್ಯ ತಿರುಗಿ ಬಾರದು.