ಇಮ್ಯೂನಿಟಿ ಪುಡಿ ಕೊಳ್ಳೋ ಮುಂಚೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಮೊಟ್ಟೆಕೋಳಿ ಸಾಕೋರಿಗೆ ಇವತ್ತಿನ ಮಾತು. 2025ರ ಫೆಬ್ರವರಿಯಲ್ಲಿ ಪಕ್ಕದ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಹಕ್ಕಿಜ್ವರ ಬಂತಲ್ಲ, ಅಂಥ ಭಯದಲ್ಲೇ ‘ಇಮ್ಯೂನಿಟಿ ಪುಡಿ’ ಜಾಸ್ತಿ ಮಾರಾಟ ಆಗೋದು.

ಪುಡಿ ಎಲ್ಲಾ ಮೋಸ ಅಂತಲ್ಲ. ಪ್ರೊಬಯಾಟಿಕ್ ಅಂದ್ರೆ ಮೊಸರಲ್ಲಿರೋ ಥರದ ಒಳ್ಳೆ ಬ್ಯಾಕ್ಟೀರಿಯಾ. ಕರುಳಲ್ಲಿ ನೆಲೆಯಾಗಿ, ರೋಗ ತರೋ ಬ್ಯಾಕ್ಟೀರಿಯಾಕ್ಕೆ ಜಾಗ ಬಿಡಲ್ಲ. ಅರಿಶಿನ, ಬೆಳ್ಳುಳ್ಳಿ, ನುಗ್ಗೆಸೊಪ್ಪಿನ ಮೇಲೂ ಪ್ರಯೋಗಗಳು ನಡೆದಿವೆ. ಫಲ ಎಲ್ಲ ಕಡೆ ಒಂದೇ ಥರ ಬಂದಿಲ್ಲ.

ಆದ್ರೆ ಇವು ಲಸಿಕೆ ಅಲ್ಲ. ಕೊಕ್ಕರೆ ರೋಗದ ಲಸಿಕೆ ತಪ್ಪಿಸಿದ್ರೆ ಯಾವ ಪುಡಿಯೂ ಕಾಪಾಡಲ್ಲ. ಹಕ್ಕಿಜ್ವರವನ್ನ ತಡೀಬೇಕಾದ್ದು ಶೆಡ್ಡಿನ ಬಾಗಿಲಲ್ಲೇ: ಹೊರಗಿನ ಹಕ್ಕಿ, ಗಾಡಿ, ಮೊಟ್ಟೆ ಟ್ರೇ, ಚಪ್ಪಲಿ.

ಇನ್ನೊಂದು, ನಮ್ಮ ಕಡೆಯ ಮೆಕ್ಕೆಜೋಳ. ಸರಿಯಾಗಿ ಒಣಗದೆ ಬೂಷ್ಟು ಹಿಡಿದ್ರೆ ಅದರಲ್ಲಿ ಅಫ್ಲಾಟಾಕ್ಸಿನ್ ವಿಷ ಸೇರಬಹುದು. ಅದು ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತೆ, ಹಾಕಿದ ಲಸಿಕೆಯೂ ಸರಿಯಾಗಿ ಹಿಡಿಯಲ್ಲ. ಪ್ರೊಬಯಾಟಿಕ್ಕನ್ನ ಕ್ಲೋರಿನ್ ನೀರಲ್ಲಿ, ಇಲ್ಲಾ ಆಂಟಿಬಯಾಟಿಕ್ ಜತೆ ಕೊಟ್ರೆ ಆ ಬ್ಯಾಕ್ಟೀರಿಯಾನೇ ಸಾಯಬಹುದು, ದುಡ್ಡು ನೀರಿಗೆ.

ನಾನು ಕಾಮರ್ಸ್ ಓದಿದೋನು, ಲೆಕ್ಕ ಹಾಕೋಣ. 10,000 ಕೋಳಿ, ತಲಾ 110 ಗ್ರಾಂ ಅಂದ್ರೆ ದಿನಕ್ಕೆ 1,100 ಕೆಜಿ ಮೇವು. ಟನ್ನಿಗೆ ಒಂದು ಕೆಜಿ ಪುಡಿ, ಬೆಲೆ 300 ರೂಪಾಯಿ ಅಂದುಕೊಳ್ಳಿ: ದಿನಕ್ಕೆ 330 ರೂಪಾಯಿ. ಮೊಟ್ಟೆಗೆ 5 ರೂಪಾಯಿ ಸಿಕ್ಕಿದ್ರೆ, ದಿನಾ 66 ಮೊಟ್ಟೆ ಜಾಸ್ತಿ ಬಂದ್ರೆ ಮಾತ್ರ ಅಸಲು.

ಹಾಗಾಗಿ ಮೊದಲು ಒಂದು ಶೆಡ್ಡಿಗೆ ಮಾತ್ರ ಕೊಡಿ, ಅದೇ ವಯಸ್ಸಿನ ಇನ್ನೊಂದಕ್ಕೆ ಬೇಡ. ಎರಡು ತಿಂಗಳು ಮೊಟ್ಟೆ, ಸಾವು ಎರಡೂ ಬರೆದಿಡಿ. ಮಾರೋರ ಮಾತಿಗಿಂತ ನಿಮ್ಮ ನೋಟ್‌ಬುಕ್ ನಂಬಿ.