ಕಾಡಿನ ದಾರಿ ಓದಲು ಕಲಿಯೋಣ
(ಕಾಡಂಚಿನ ಗ್ರಾಮವೊಂದರ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬಂಡೀಪುರದ ಕಾಡನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಅದರ ಅಂಚಿನಲ್ಲೇ ಬೇಸಾಯ ಮಾಡುವ ನಮ್ಮ ಮಕ್ಕಳಿಗೋ ಕಾಡೆಂದರೆ ಬೆಳೆ ತುಳಿಯುವ ಆನೆ, ಕರು ಹಿಡಿಯುವ ಹುಲಿ, ಇಷ್ಟೇ. ನೆರೆಯವನ ಗುಣ ಅರಿಯದೆ ಬಾಳುವೆ ಮಾಡುವುದು ಕಷ್ಟ.

1931ರಲ್ಲಿ ಮೈಸೂರು ಮಹಾರಾಜರ ಸರ್ಕಾರ ಇಲ್ಲಿ ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಕಾಯ್ದಿರಿಸಿತು. 1973ರಲ್ಲಿ ಬಂಡೀಪುರವು ದೇಶದ ಮೊದಲ ಒಂಬತ್ತು ಹುಲಿ ಯೋಜನೆಯ ಕಾಡುಗಳಲ್ಲಿ ಒಂದಾಯಿತು.

ಅರಣ್ಯ ಇಲಾಖೆಯ 'ಚಿಣ್ಣರ ವನದರ್ಶನ' ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಕಾಡನ್ನು ತೋರಿಸುತ್ತಾರೆ. ನಿಮ್ಮ ಮಕ್ಕಳನ್ನೂ ಕಳುಹಿಸಿರಿ. ಕಾಡಿನ ಕಾಲುದಾರಿಯೇ ಒಂದು ಪುಸ್ತಕ. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಷ್ಟು ಮಾಡಿದರೆ ಸುಮಾರಾಗಿ ಅದರ ಭುಜದ ಎತ್ತರ ಬರುತ್ತದೆ. ಆನೆಯ ಲದ್ದಿಯಲ್ಲಿ ಜೀರ್ಣವಾಗದ ಬೀಜಗಳಿರುತ್ತವೆ. ಅವು ದೂರದಲ್ಲಿ ಬಿದ್ದು ಮೊಳೆಯುತ್ತವೆ. ಜಿಂಕೆ, ಮುಸುವಗಳು ಗಾಬರಿಯಿಂದ ಕೂಗಿದರೆ ಹತ್ತಿರದಲ್ಲಿ ಹುಲಿಯೋ ಚಿರತೆಯೋ ಇರಬಹುದು. ಈ ಅರಿವು ನಾಳೆ ಹೊಲದ ಬದುವಿನಲ್ಲಿ ಪ್ರಾಣ ಉಳಿಸೀತು. ಆದರೆ ಅನುಮತಿಯಿಲ್ಲದೆ, ಕಾವಲುಗಾರರ ಜೊತೆಯಿಲ್ಲದೆ ಯಾರೂ ಕಾಡಿಗೆ ಕಾಲಿಡಕೂಡದು.

ದಾರಿಯ ಎರಡೂ ಬದಿಗೆ ಒತ್ತಾಗಿ ಬೆಳೆದ ಲಂಟಾನವನ್ನೂ ಮಕ್ಕಳು ನೋಡಲಿ. ಹೂವಿನ ಅಂದಕ್ಕೆಂದು ಅಮೆರಿಕ ಖಂಡದಿಂದ ತಂದ ಗಿಡವಿದು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಅದರ ಕೆಳಗೆ ಹುಲ್ಲು ಬೆಳೆಯದು. ಕಾಡಿನಲ್ಲಿ ಮೇವು ಕಡಿಮೆಯಾದರೆ ಪ್ರಾಣಿಗಳ ಕಣ್ಣು ನಮ್ಮ ಜೋಳ, ರಾಗಿ, ಬಾಳೆಯ ಮೇಲೆ ಬೀಳುತ್ತದೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಇದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡಿ ಸಂಪಾದಿಸಿದ್ದಾರೆ.

ಇನ್ನು ಬೆಂಕಿಯ ಮಾತು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಕಾಡು ಸುಟ್ಟುಹೋಯಿತು. ತರಗೆಲೆ ಸುಟ್ಟು ನೆಲ ಬರಿದಾದರೆ ಮೊದಲ ಮಳೆಗೇ ಮಣ್ಣು ಕೊಚ್ಚಿ ಬಂದು ಕೆರೆಯಲ್ಲಿ ಹೂಳಾಗುತ್ತದೆ. ಆ ನಷ್ಟ ಯಾರದು? ನಮ್ಮದೇ.

ಆದ್ದರಿಂದ ಮೂರು ಕೆಲಸ ಮಾಡೋಣ. ಬೇಸಗೆಯಲ್ಲಿ ಬೀಡಿಯ ತುಂಡು, ಬೆಂಕಿಕಡ್ಡಿ ಎಲ್ಲೆಂದರಲ್ಲಿ ಎಸೆಯಬಾರದು. ಹೊಗೆ ಕಂಡ ಕೂಡಲೆ ಇಲಾಖೆಗೆ ತಿಳಿಸಬೇಕು. ದನಗಳಿಗೆ ತಪ್ಪದೆ ಲಸಿಕೆ ಹಾಕಿಸಬೇಕು. ಕಾಲುಬಾಯಿ ಜ್ವರ ದನದಿಂದ ಕಾಟಿಗೂ, ಕಾಟಿಯಿಂದ ದನಕ್ಕೂ ಹರಡುವ ರೋಗ. ಬೇಲಿಗೆ ನೇರವಾಗಿ ಕರೆಂಟು ಕೊಡಲೇಬಾರದು. ಅದು ಆನೆಯನ್ನೂ ಕೊಲ್ಲುತ್ತದೆ, ನೀರು ಕಟ್ಟಲು ಹೋದ ಮನೆಯ ಮಗನನ್ನೂ ಕೊಲ್ಲುತ್ತದೆ.

ಕಾಡು ಉಳಿದರೆ ಕೆರೆಗೆ ನೀರು, ಕೆರೆ ತುಂಬಿದರೆ ಊರಿಗೆ ಅನ್ನ.